ಹಿಂಡಿ ಗೋಡೌನಿಗೆ ಬಂದ ಫೋರ್ಕ್‌ಲಿಫ್ಟ್

ಮೇಸ್ತ್ರಿಯ ಸೊಂಟ ಹಿಡಿದುಕೊಂಡಾಗ ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಲಾರಿಗೂ ಗೋಡೌನಿನ ಕಟ್ಟೆಗೂ ನಡುವೆ ಹಾಕಿದ್ದ ಹಲಗೆಯ ಮೇಲೆ, ಐವತ್ತು ಕೆಜಿಯ ಹಿಂಡಿ ಮೂಟೆ ಹೊತ್ತು ಬರುತ್ತಿದ್ದವರು ನಡುದಾರಿಯಲ್ಲಿ ನಿಂತುಬಿಟ್ಟರು. ಹಿಂದಿದ್ದ ಇಬ್ಬರು ಹಮಾಲಿಗಳೂ ಮೂಟೆ ಹೊತ್ತುಕೊಂಡೇ ನಿಂತರು. ‘ಏನಾಯ್ತು ಮೇಸ್ತ್ರಿ?’ ಎಂದು ಕೇಳಿದೆ.

‘ಏಮಿ ಲೇದಮ್ಮಾ, ಏನಿಲ್ಲ,’ ಎಂದರು. ಕತ್ತು ತಿರುಗಿಸಲಾಗದೆ ಎದುರಿನ ಗೋಡೆಗೆ ಹೇಳಿದಂತಿತ್ತು. ಮೂಟೆಯನ್ನು ಬೇರೆಯವರು ಇಳಿಸಿದ ಮೇಲೂ ಅವರ ಬೆನ್ನು ನೆಟ್ಟಗಾಗಲಿಲ್ಲ. ಹಿಂಡಿ ಮೂಟೆಯ ಮೇಲೇ ಬೋರಲು ಮಲಗಿಸಿ ಆಟೋ ಕರೆಸಿದೆವು.

ಚಿಂತಾಮಣಿಯ ಹೊರಗೆ ನನ್ನದೊಂದು ಪಶು ಆಹಾರದ ಗೋಡೌನಿದೆ. ಹಿಂಡಿ, ಬೂಸಾ ಲಾರಿಯಲ್ಲಿ ಬರುತ್ತದೆ, ಟ್ರ್ಯಾಕ್ಟರು ಟೆಂಪೋಗಳಲ್ಲಿ ಹಳ್ಳಿಹಳ್ಳಿಯ ಹಸುಗಳಿಗೆ ಹೋಗುತ್ತದೆ. ಎಂಟು ಜನ ಹಮಾಲಿಗಳು, ಅವರಿಗೊಬ್ಬ ಮೇಸ್ತ್ರಿ. ಮೇಸ್ತ್ರಿಗೆ ಐವತ್ತು ದಾಟಿತ್ತು, ಎಷ್ಟು ದಾಟಿತ್ತೆಂದು ಅವರಿಗೂ ಗೊತ್ತಿರಲಿಲ್ಲ. ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ, ಗೋಡೌನಿನ ಕಡೆ ತಲೆ ಹಾಕುವುದು ಕಡಿಮೆ.

ಮದುವೆಗೆ ಮುಂಚೆ ನಾನು ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕ್ಲರ್ಕ್ ಆಗಿದ್ದೆ. ನಮ್ಮ ಎಂಟು ಜನ ಅರ್ಧ ದಿನ ಹೊರುವ ಸರಕನ್ನು ಅಲ್ಲಿ ಒಂದು ಫೋರ್ಕ್‌ಲಿಫ್ಟ್ ಚಹಾ ಹೊತ್ತಿಗೆ ಮುಂಚೆ ಮುಗಿಸಿಬಿಡುತ್ತಿತ್ತು. ಅದನ್ನು ದಿನವೂ ನೋಡಿದವಳು ನಾನು. ಆದರೂ ಇಷ್ಟು ವರ್ಷ ಇವರ ಹೆಗಲ ಮೇಲೆ ಮೂಟೆ ಹೋಗುವುದನ್ನು ಕುರ್ಚಿಯಲ್ಲಿ ಕೂತು ಎಣಿಸಿದ್ದೆನಲ್ಲ ಎನ್ನುವುದು ಆಟೋ ಹೋದ ಮೇಲೆ ತಲೆಗೆ ಹೊಕ್ಕಿತು. ಒಂದು ವಿಷಯ ತಲೆಗೆ ಹೊಕ್ಕರೆ ನನಗೆ ಕೂರಲಾಗುವುದಿಲ್ಲ. ಅನ್ನ ಕಲೆಸಿಕೊಂಡು ಎದ್ದು ಹೋಗಿ ಗೋಡೌನಿನ ಬಾಗಿಲ ಅಗಲ ನೋಡಿ ಬಂದೆ. ‘ಮೊದ್ಲು ಊಟ ಮಾಡೇ,’ ಎಂದರು ನನ್ನ ಗಂಡ.

ಹದಿನೈದು ದಿನ ಬಿಟ್ಟು ಮೇಸ್ತ್ರಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಂದರು. ಅವರನ್ನೇ ಮೊದಲು ಕೇಳಿದೆ.

‘ಫೋರ್ಕ್‌ಲಿಫ್ಟ್ ತರೋಣ ಅಂತಿದೀನಿ ಮೇಸ್ತ್ರಿ.’

‘ಅದು ಬಂದ್ರೆ ನಾವೆಲ್ಲಿಗೆ ಹೋಗೋದಮ್ಮಾ?’

‘ಯಾರನ್ನೂ ಕಳ್ಸಲ್ಲ. ಹೊರೋದೊಂದು ತಪ್ಪುತ್ತೆ ಅಷ್ಟೆ.’

‘ಹೊರೋದೇ ಅಲ್ವೇನಮ್ಮ ನಮ್ ಕೆಲ್ಸ,’ ಎಂದು ಅವರು ಪಟ್ಟಿ ಸರಿಮಾಡಿಕೊಂಡು ಹೊರಗೆ ಹೋದರು.

ಯಾರನ್ನೂ ಕಳಿಸುವುದಿಲ್ಲ ಎಂದು ಬಾಯಲ್ಲಿ ಹೇಳಿದ್ದೆ. ಉಳಿಸಿಕೊಳ್ಳಲು ಆಗುತ್ತದೋ ಇಲ್ಲವೋ ನನಗೇ ತಿಳಿದಿರಲಿಲ್ಲ.

ಹಳೆಯ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿ, ಕುಡುಮಲಕುಂಟೆಯ ಇನ್ನೊಂದು ಕಾರ್ಖಾನೆಯವರು ಮೂರು ಟನ್ನಿನ ಡೀಸೆಲ್ ಗಾಡಿಯೊಂದನ್ನು ಮಾರುತ್ತಿದ್ದಾರೆ, ಅವರು ಬ್ಯಾಟರಿಯದಕ್ಕೆ ಬದಲಾಯಿಸುತ್ತಿದ್ದಾರೆ ಎಂದಳು. ನೋಡಲು ಹೋಗುವಾಗ ಶಿಡ್ಲಘಟ್ಟದ ಚಾಚಾ ಅವರನ್ನು ಕರೆದುಕೊಂಡು ಹೋದೆ. ಅವರು ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯ ಮೆಕ್ಯಾನಿಕ್. ಕೆಂಚಾರ್ಲಹಳ್ಳಿಯಲ್ಲಿ ನಮ್ಮಪ್ಪ ಅಮ್ಮ ರೇಷ್ಮೆಹುಳು ಸಾಕುತ್ತಿದ್ದ ಕಾಲದಲ್ಲಿ, ಗೂಡು ಮಾರಿದ ಮೇಲೆ ಅಪ್ಪ ಚಹಾ ಕುಡಿಯುತ್ತಿದ್ದುದು ಇವರ ಶೆಡ್ಡಿನಲ್ಲಿ. ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕಗಳ ಮೋಟಾರು, ಬಾಯ್ಲರು ರಿಪೇರಿ ಮಾಡುತ್ತಿದ್ದವರು ಆಮೇಲೆ ಕಾರ್ಖಾನೆಗಳ ಯಂತ್ರಕ್ಕೂ ಕೈ ಹಾಕಿದರು. ಬೇರೆ ಯಾರ ಮಾತನ್ನೂ ನಾನು ನಂಬುವ ಸ್ಥಿತಿಯಲ್ಲಿರಲಿಲ್ಲ.

ಗಾಡಿಗೆ ಹೊಸ ಹಳದಿ ಬಣ್ಣ ಹೊಡೆದಿದ್ದರು. ಕಾರ್ಖಾನೆಯ ಮೇಲ್ವಿಚಾರಕರು ಕೀಲಿ ತಿರುಗಿಸಲು ಹೊರಟಾಗ ಚಾಚಾ ತಡೆದು, ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟರು.

‘ಬೆಚ್ಚಗಿದೆ ಸಾರ್. ನಾವ್ ಬರೋಕ್ ಮುಂಚೆ ಸ್ಟಾರ್ಟ್ ಮಾಡಿದ್ರಾ?’

‘ಸುಮ್ನೆ ಒಂದ್ಸಲ,’ ಎಂದರು ಅವರು.

‘ಪರವಾಗಿಲ್ಲ. ಆರಲಿ, ಕಾಯ್ತೀವಿ. ತಣ್ಣಗಿರುವಾಗ ಹತ್ತುತ್ತಾ ನೋಡ್ಬೇಕು.’

ಎರಡು ಗಂಟೆ ಕಾದೆವು. ಚಾಚಾ ಬೇವಿನ ಮರದ ಕೆಳಗೆ ಕರವಸ್ತ್ರ ಹಾಸಿಕೊಂಡು ಕೂತರು. ನಾನು ಗೇಟಿನವರೆಗೆ ಹೋಗುವುದು, ಬರುವುದು, ಗಾಡಿಯ ಸುತ್ತ ತಿರುಗುವುದು. ‘ಬೇಟಿ, ನೀನ್ ತಿರುಗಿದ್ರೆ ಅದು ಬೇಗ ಆರಲ್ಲ,’ ಎಂದರು ಚಾಚಾ. ತಣ್ಣಗಾದ ಮೇಲೆ ಗಾಡಿ ಎರಡನೇ ಸಲಕ್ಕೆ ಹತ್ತಿತು, ಮೊದಲು ಕಪ್ಪು ಹೊಗೆ, ಆಮೇಲೆ ತಿಳಿ. ಮುಂದೆ ಭಾರದ ಅಡಿಗೆ ತೂರಿಸುವ ಎರಡು ಉದ್ದನೆಯ ಕಬ್ಬಿಣದ ಪಟ್ಟಿಗಳಿರುತ್ತವೆ, ಅವುಗಳ ಮೇಲೆ ಸರಕು ಹಾಕಿ ಎದೆಯೆತ್ತರಕ್ಕೆ ಎತ್ತಿ ನಿಲ್ಲಿಸಿದರು. ಪಕ್ಕದ ಕಂಬದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಚಾಚಾ ಚಹಾ ಕುಡಿಯಲು ಹೋದರು. ಬಂದು ನೋಡಿದಾಗ ಭಾರ ಗೆರೆಗಿಂತ ಒಂದು ಬೆರಳು ಕೆಳಗಿಳಿದಿತ್ತು.

‘ಸೀಲ್ ಸವೆದಿದೆ, ಎಣ್ಣೆ ಹಿಂದಕ್ಕೆ ಜಾರ್ತಾ ಇದೆ. ಬದಲಾಯಿಸಬಹುದು. ಎಂಜಿನ್ ಗಟ್ಟಿ. ತಗೋ,’ ಎಂದರು. ತೆಗೆದುಕೊಂಡೆ.

ಗಾಡಿ ಬಂದ ದಿನ ನಮ್ಮ ಮನೆಯವರು ರಜ ಹಾಕಿ ಬಂದಿದ್ದರು. ಬಾಗಿಲನ್ನು ಟೇಪು ಹಿಡಿದು ಮೂರು ಸಲ ಅಳೆದು ಚೀಟಿಯಲ್ಲಿ ಬರೆದುಕೊಟ್ಟಿದ್ದವರು ಅವರೇ. ಆದರೆ ಅಳೆದಾಗ ಶಟರ್ ಇಳಿದಿತ್ತು. ಮೇಲಕ್ಕೆ ಸುತ್ತಿಕೊಂಡಾಗ ಅದರ ಸುರುಳಿ ನಾಲ್ಕು ಬೆರಳು ಕೆಳಗೆ ಜೋಲುತ್ತದೆಂದು ಗಣಿತದ ಮೇಷ್ಟ್ರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಗಾಡಿಯ ಮುಂದಿನ ಚೌಕಟ್ಟು ಶಟರಿಗೆ ತಗುಲಿ ನಿಂತಿತು. ಹಮಾಲಿಗಳು ಸಾಲಾಗಿ ಕೂತು ನೋಡುತ್ತಿದ್ದರು. ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಶಟರ್ ಬಿಚ್ಚಿ ಮೇಲಕ್ಕೆ ಕೂರಿಸುವವರೆಗೆ ನಾಲ್ಕು ದಿನ ಗಾಡಿ ಟಾರ್ಪಾಲು ಹೊದ್ದು ಅಂಗಳದಲ್ಲಿತ್ತು. ನಮ್ಮ ಮನೆಯಲ್ಲಿ ಪೂಜೆಯ ಅಭ್ಯಾಸವಿಲ್ಲ, ಗೋಡೆಗೆ ಬುದ್ಧನ ಪಟವೊಂದೇ. ಆದರೆ ಮೂರನೆಯ ಬೆಳಿಗ್ಗೆ ಹೋದಾಗ ಮುಂದಿನ ಚಕ್ರದ ಅಡಿಯಲ್ಲಿ ನಿಂಬೆಹಣ್ಣು, ಕಬ್ಬಿಣದ ಪಟ್ಟಿಗಳ ಮೇಲೆ ಎತ್ತಿನ ಕೊಂಬಿಗೆ ಹಚ್ಚುವಂತೆ ಕುಂಕುಮ ಇತ್ತು. ಯಾರು ಇಟ್ಟರೆಂದು ಕೇಳಲಿಲ್ಲ. ಅಂದಿನಿಂದ ಆ ಪಟ್ಟಿಗಳಿಗೆ ಕೊಂಬು ಎಂದೇ ಹೆಸರಾಯಿತು.

ಓಡಿಸುವವರು ಯಾರು? ಕುಡುಮಲಕುಂಟೆಯಿಂದ ಬಂದ ಡ್ರೈವರ್ ಒಂದು ತಿಂಗಳು ಇದ್ದು ಕಲಿಸಿಕೊಟ್ಟು ಹೋಗುವ ಮಾತಾಗಿತ್ತು. ಮೇಸ್ತ್ರಿ ಹತ್ತಲಿಲ್ಲ, ಅವರು ಹತ್ತದೆ ಉಳಿದವರೂ ಹತ್ತಲಿಲ್ಲ. ಕೊನೆಗೆ ನಾನೇ ಸೀರೆ ಬಿಟ್ಟು ಚೂಡಿದಾರ್ ಹಾಕಿಕೊಂಡು ಹತ್ತಿ ಕೂತೆ. ಕಾರು ಓಡಿಸಿ ಗೊತ್ತಿದ್ದವಳಿಗೆ ಇದು ಉಲ್ಟಾ. ತಿರುಗುವುದು ಹಿಂದಿನ ಚಕ್ರ, ಆದ್ದರಿಂದ ನೀವು ಮುಂದೆ ನೋಡುತ್ತಿರುವಾಗ ಹಿಂಭಾಗ ಬೀಸಿಕೊಂಡು ಹೋಗಿ ಏನಕ್ಕಾದರೂ ಬಡಿಯುತ್ತದೆ. ಎರಡು ಕಂಬದ ಗಾರೆ ಕಿತ್ತೆ, ಒಂದು ಸಾಲು ಬೂಸಾ ಮೂಟೆ ಹರಿದೆ. ಹರಿದ ಮೂಟೆಗಳನ್ನು ಬಾಗಿಲ ಹತ್ತಿರ ಕೂತು ದಬ್ಬಳದಿಂದ ಹೊಲಿಯುತ್ತಿದ್ದವರು ಮೇಸ್ತ್ರಿಯ ಹೆಂಡತಿ. ‘ನೀವು ಹಿಂಗೇ ಓಡಿಸಿದ್ರೆ ನನಗೆ ಕೆಲ್ಸಕ್ಕೇನೂ ಕಮ್ಮಿ ಇಲ್ಲಮ್ಮ,’ ಎಂದರು ಆಕೆ.

ಮೇಸ್ತ್ರಿ ದೂರದಿಂದ ನೋಡುತ್ತಿದ್ದರು. ಒಂದು ದಿನ ‘ಅಮ್ಮಾ, ಹಿಂದೆ ನೋಡಿ,’ ಎಂದರು. ಇನ್ನೊಂದು ದಿನ ‘ಭಾರ ಒಂದೇ ಕಡೆಗಿದೆ, ಇಳ್ಸಿ,’ ಎಂದರು. ಮತ್ತೊಂದು ದಿನ ನಾನು ಒಂದೇ ಸಾಲನ್ನು ಆರನೆಯ ಸಲ ಎತ್ತಿ ಇಳಿಸುತ್ತಿದ್ದಾಗ ಹತ್ತಿರ ಬಂದು, ‘ಇಳಿಯಮ್ಮ,’ ಎಂದು ಏಕವಚನದಲ್ಲೇ ಹೇಳಿ ತಾವು ಹತ್ತಿ ಕೂತರು. ವಾರದೊಳಗೆ ಅವರ ಕೈ ಪಳಗಿತು. ಯಾವ ಮೂಟೆ ಎತ್ತ ವಾಲುತ್ತದೆ, ಎಷ್ಟು ಸಾಲು ಹೇರಿದರೆ ಜಾರುತ್ತದೆ ಎನ್ನುವುದು ಹೆಗಲಿಗೇ ಗೊತ್ತಿದ್ದ ಮನುಷ್ಯ. ಡ್ರೈವರ್ ಜೊತೆಯಲ್ಲೇ ಇದ್ದು ಪರೀಕ್ಷೆಗೆ ತಯಾರು ಮಾಡಿದ, ಮೇಸ್ತ್ರಿ ಲೈಸೆನ್ಸು ತಂದರು. ಹಮಾಲಿಗಳಲ್ಲಿ ಇಬ್ಬರು ತಾವಾಗಿಯೇ ಕಾರ್ಖಾನೆ ಕೆಲಸಕ್ಕೆ ಹೋದರು, ಅವರ ಜಾಗಕ್ಕೆ ಬೇರೆ ಇಬ್ಬರು ಬಂದರು. ಉಳಿದವರಿಗೆ ಗಾಡಿ ಎತ್ತುವ ಮರದ ಚೌಕಿಯ ಮೇಲೆ ಮೂಟೆ ಜೋಡಿಸುವ ಕೆಲಸ. ನನ್ನ ಮಾತು ಅಷ್ಟರಮಟ್ಟಿಗೆ ಉಳಿಯಿತು.

ಆದರೆ ನನಗೆ ನೆಮ್ಮದಿ ಬರಲಿಲ್ಲ. ಚಾಚಾ ಒಂದು ನೋಟುಬುಕ್ಕು ಮಾಡಿಕೊಟ್ಟಿದ್ದರು. ದಿನಕ್ಕೆ ನೋಡಬೇಕಾದದ್ದು ಎಂಜಿನ್ ಎಣ್ಣೆ, ನೀರು, ಬ್ರೇಕು, ಹಾರನ್ನು. ವಾರಕ್ಕೆ ಚೈನಿಗೆ ಗ್ರೀಸು, ಬ್ಯಾಟರಿ ನೀರು. ತಿಂಗಳಿಗೆ ಒಂದು ಸಲ ಕೊಂಬಿನ ಬುಡ. ಅದನ್ನು ಬೇರೆಯವರಿಗೆ ಬಿಡದೆ ನಾನೇ ಮಾಡುತ್ತಿದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಗಾಡಿಯ ಕೆಳಗೆ ನೆಲ ಮುಟ್ಟಿ ಎಣ್ಣೆ ಸೋರಿದೆಯೇ ನೋಡುವುದು. ಚಿಕ್ಕಬಳ್ಳಾಪುರಕ್ಕೆ ಮದುವೆಗೆ ಹೋದರೂ ಊಟದ ಸಾಲಿನಲ್ಲಿ ನಿಂತು ಮೇಸ್ತ್ರಿಗೆ ಫೋನ್ ಮಾಡುವುದು. ಚಕ್ರದಲ್ಲೊಂದು ಸೀಳು ಕಂಡರೆ ಸಂಜೆಯವರೆಗೆ ಅದೇ. ಹಳೆಯ ಯಂತ್ರ ತಂದು ಹತ್ತು ಜನರ ನಡುವೆ ಬಿಟ್ಟಿದ್ದೇನೆ ಎನ್ನುವ ಯೋಚನೆ ಅಂಗಿಯೊಳಗೆ ಸೇರಿದ ಬೂಸಾ ಹುಡಿಯ ಹಾಗೆ ಕಡಿಯುತ್ತಿತ್ತು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ಸದ್ದು ಶುರುವಾಯಿತು. ಭಾರ ಎತ್ತುವಾಗ ಬಲಗಡೆಯ ಚೈನಿನ ಹತ್ತಿರ ಟಿಕ್ ಎನ್ನುತ್ತಿತ್ತು. ‘ಕೇಳಿಸ್ತಾ ಮೇಸ್ತ್ರಿ?’ ಎಂದರೆ ‘ಏನೂ ಇಲ್ಲಮ್ಮ, ಎಂಜಿನ್ ಸದ್ದು,’ ಎನ್ನುತ್ತಿದ್ದರು. ಫೋನಿನಲ್ಲಿ ರೆಕಾರ್ಡ್ ಮಾಡಿ ಚಾಚಾಗೆ ಕಳಿಸಿದೆ. ‘ಬೇಟಿ, ನಂಗೆ ನಿನ್ ಫ್ಯಾನ್ ಒಂದೇ ಕೇಳಿಸ್ತಾ ಇದೆ,’ ಎಂದು ಅವರೂ ಧ್ವನಿಯಲ್ಲೇ ಉತ್ತರ ಕಳಿಸಿದರು. ಮನೆಯಲ್ಲಿ ಕುಕ್ಕರ್ ಆರುವಾಗಲೂ, ಬಸ್ಸಿನ ಬಾಗಿಲು ಅಲುಗುವಾಗಲೂ ನನಗೆ ಅದೇ ಟಿಕ್ ಕೇಳತೊಡಗಿತು. ನನ್ನ ಕಿವಿಯೇ ಕೆಟ್ಟಿದೆಯೇನೋ ಎಂದುಕೊಂಡೆ.

ಒಂದು ಸೋಮವಾರ ಎರಡು ಲಾರಿ ಒಟ್ಟಿಗೆ ಬಂದು ನಿಂತವು. ಹೊರಗೆ ಟ್ರ್ಯಾಕ್ಟರುಗಳು ಬೇರೆ. ಮೂರನೆಯ ಸಾಲು ಎತ್ತುವಾಗ ಸದ್ದು ಮತ್ತೆ ಬಂತು. ನಾನು ಕೈ ಎತ್ತಿ ‘ನಿಲ್ಲಿಸಿ’ ಎಂದೆ. ಭಾರ ಇಳಿಸಿದ ಮೇಲೆ ಕೀಲಿ ಕಿತ್ತುಕೊಂಡೆ.

‘ಇವತ್ತಿಗೆ ಸಾಕು ಮೇಸ್ತ್ರಿ. ಚಾಚಾ ಬಂದು ನೋಡ್ಲಿ.’

‘ಎರಡು ಲಾರಿ ನಿಂತಿದೆಯಲ್ಲಮ್ಮ.’

‘ನಿಂತಿರ್ಲಿ.’

ಅವರು ಕೆಳಗಿಳಿದರು. ಅವರು ನನ್ನೆದುರು ದನಿ ಎತ್ತಿದ್ದು ಅದೇ ಮೊದಲು. ‘ಒಂದು ಸೊಂಟ ಹಿಡ್ಕೊಂಡಿದ್ದಕ್ಕೆ ಈ ಗಾಡಿ ತಂದ್ರಿ. ಇವತ್ತು ಎಂಟು ಸೊಂಟ ಅಮ್ಮ. ನಿಮಗೇನೋ ಕೇಳಿಸ್ತು ಅಂತ.’

ಲಾರಿಯವರು ಕಾಯಲು ಒಪ್ಪಲಿಲ್ಲ. ಹಮಾಲಿಗಳು ಹಲಗೆ ಹಾಕಿದರು. ಸುಮಾರು ಎರಡು ವರ್ಷ ಬಿಟ್ಟು ಮತ್ತೆ ಹೆಗಲ ಮೇಲೆ ಮೂಟೆ ಹೋಗತೊಡಗಿತು. ಬೇಡವೆಂದರೂ ಕೇಳದೆ ಮೇಸ್ತ್ರಿಯೂ ಒಂದು ಮೂಟೆ ಹೊತ್ತು, ನನ್ನ ಮುಂದೆಯೇ ಹಾದು ಹೋದರು. ನಾನು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ಕೊಟ್ಟುಬಿಡೋಣವೆಂದು ಎರಡು ಸಲ ಹೆಜ್ಜೆ ಎತ್ತಿದೆ.

ಚಾಚಾ ಮಧ್ಯಾಹ್ನದ ಬಸ್ಸಿಗೆ ಬಂದರು. ಚೈನು ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಹಾಸಿ ಕೊಂಡಿ ಕೊಂಡಿಯಾಗಿ ನೋಡಿದರು. ಚೈನಿಗೆ ಏನೂ ಆಗಿರಲಿಲ್ಲ. ಅದು ಹಾಯುವ ರಾಟೆಯ ಬೇರಿಂಗ್ ಒಣಗಿತ್ತು. ಗ್ರೀಸು ತುಂಬಿ ಚೈನು ಕೂರಿಸಿ ಎತ್ತಿ ನೋಡಿದಾಗ ಸದ್ದಿಲ್ಲ. ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತಾ, ‘ಇಷ್ಟೇನಾ?’ ಎಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

‘ಇಷ್ಟು ದೂರ ಬಂದಿದೀನಿ, ಎಲ್ಲಾ ನೋಡೇ ಹೋಗ್ತೀನಿ. ಬುಕ್ ತಾ,’ ಎಂದರು ಚಾಚಾ. ತಂದುಕೊಟ್ಟೆ. ಪುಟ ತಿರುವಿದರು. ಎಲ್ಲ ಸಾಲಿನಲ್ಲೂ ನನ್ನ ಸರಿ ಗುರುತು. ‘ಕೊಂಬಿನ ಬುಡ ನೋಡಿದೀಯ?’

‘ಪ್ರತಿ ತಿಂಗಳೂ,’ ಎಂದು ಬುಕ್ಕಿನ ಕಡೆ ತೋರಿಸಿದೆ.

ಅವರು ಕುಕ್ಕರಗಾಲಲ್ಲಿ ಕೂತು, ಕೊಂಬು ಮೇಲಕ್ಕೆ ಬಾಗುವ ಮೂಲೆಯಲ್ಲಿ ಸ್ಕ್ರೂಡ್ರೈವರಿನಿಂದ ಕೆರೆಯತೊಡಗಿದರು. ಪಶು ಆಹಾರದಲ್ಲಿ ಸಕ್ಕರೆ ಕಾರ್ಖಾನೆಯ ಅಂಟು ಕಾಕಂಬಿ ಇರುತ್ತದೆ, ಹುಡಿ ಕೂತರೆ ಬೆಲ್ಲದ ಹಾಗೆ ಗಟ್ಟಿಯಾಗುತ್ತದೆ. ಚಕ್ಕೆ ಚಕ್ಕೆಯಾಗಿ ಉದುರಿತು. ತಮ್ಮ ಚೀಲದಿಂದ ಸೀಮೆಎಣ್ಣೆಯ ಚಿಕ್ಕ ಬಾಟಲಿ ತೆಗೆದು ಅಲ್ಲಿಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದರು. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಎಡ ಕೊಂಬಿನ ಮೇಲೆ ಬೆಳ್ಳಗೆ ಒಣಗಿದ ಸುಣ್ಣ ಹಾಗೇ ಇತ್ತು. ಬಲ ಕೊಂಬಿನ ಮೇಲೆ ಸುಣ್ಣದ ನಡುವೆ ಕೂದಲೆಳೆಯಂಥ ಒದ್ದೆ ಗೆರೆಯೊಂದು ನಿಧಾನವಾಗಿ ಮೂಡಿತು. ನನ್ನ ನಾಲ್ಕು ಬೆರಳಷ್ಟು ಉದ್ದ.

‘ಒಳಗೆ ಹೊಕ್ಕ ಎಣ್ಣೆ ಆಚೆ ಬರ್ತಾ ಇದೆ. ಬಿರುಕು,’ ಎಂದರು ಚಾಚಾ.

‘ನಾನ್ ನೋಡಿರ್ಲಿಲ್ಲ ಚಾಚಾ. ಸುಮ್ನೆ ಗುರುತು ಹಾಕಿದೀನಿ.’

‘ಗೊತ್ತಾಯ್ತು ಬೇಟಿ. ಈ ಕೊಳೆ ಒಂದು ತಿಂಗಳದ್ದಲ್ಲ.’

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮೊದಲ ಮೂರು ತಿಂಗಳು ನಾನು ನಿಜವಾಗಿಯೇ ನೋಡಿದ್ದೆ. ಅಲ್ಲಿ ಏನೂ ಇರುತ್ತಿರಲಿಲ್ಲ, ಬಗ್ಗುವುದು ಕಷ್ಟ, ಅಷ್ಟು ದಪ್ಪದ ಕಬ್ಬಿಣಕ್ಕೇನಾಗುತ್ತದೆ ಎಂದುಕೊಂಡೆ. ದಿನವಿಡೀ ಸದ್ದಿಗೆ, ಎಣ್ಣೆಗೆ, ಚಕ್ರಕ್ಕೆ ಹೆದರುತ್ತಿದ್ದವಳು, ಹೆದರಬೇಕಾದ ಒಂದೇ ಒಂದು ಜಾಗವನ್ನು ಪೆನ್ನಿನ ಗೀಟಿನಲ್ಲಿ ಮುಗಿಸಿಬಿಟ್ಟಿದ್ದೆ.

‘ಬೆಸುಗೆ ಹಾಕಿದ್ರೆ ಆಗಲ್ವಾ?’ ಎಂದು ಮೇಸ್ತ್ರಿ ಕೇಳಿದರು.

‘ಬೆಸುಗೆ ಹಾಕಿದ್ರೆ ಬಿರುಕು ಕಾಣಲ್ಲ ಅಷ್ಟೆ. ಒಂದಿನ ಭಾರ ಮೇಲಿರುವಾಗ ಮುರೀತದೆ. ಎರಡೂ ಹೊಸದು ಹಾಕ್ಬೇಕು.’

ಮೇಸ್ತ್ರಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿದರು. ತಲೆ ಎತ್ತಿ ಬಾಗಿಲ ಕಡೆ ನೋಡಿದರು. ದಿನಕ್ಕೆ ಅದೆಷ್ಟೋ ಸಲ ಭಾರ ಹೊತ್ತ ಗಾಡಿ ಹಾದು ಹೋಗುವ ದಾರಿಯ ಪಕ್ಕದಲ್ಲೇ ಅವರ ಹೆಂಡತಿ ಕೂತು ಮೂಟೆ ಹೊಲಿಯುತ್ತಿದ್ದರು. ಮೇಸ್ತ್ರಿ ಎದ್ದು ಹೋಗಿ ಆಕೆಯ ಗೋಣಿ, ದಾರದ ಉಂಡೆ, ದಬ್ಬಳದ ಡಬ್ಬಿ ಎತ್ತಿಕೊಂಡು ಆಚೆ ಗೋಡೆಯ ಮೂಲೆಯಲ್ಲಿಟ್ಟರು.

‘ಏಮಯಿಂದಿ, ಏನಾಯ್ತು? ಅಲ್ಲಿ ಗಾಳಿ ಬರ್ತಿತ್ತಲ್ಲ,’ ಎಂದರು ಆಕೆ.

‘ಇಲ್ಲಿ ಕೂತ್ಕೋ ಅಂದ್ನಲ್ಲ.’

ಆಕೆ ನನ್ನ ಕಡೆ ನೋಡಿದರು. ನಾನು ಬೇರೆಲ್ಲೋ ನೋಡಿದೆ.

ಬೆಂಗಳೂರಿನಿಂದ ಹೊಸ ಕೊಂಬು ಬರಲು ಆರು ದಿನ ಹಿಡಿಯಿತು. ದಿನಕ್ಕೆ ಒಂದೇ ಲಾರಿ ಸಾಕೆಂದು ಎಲ್ಲರಿಗೂ ಫೋನ್ ಮಾಡಿದೆ. ಬಿರುಕು ಕಂಡ ಮಾರನೆಯ ಬೆಳಿಗ್ಗೆಯೇ ಎಲ್ಲರನ್ನೂ ಸೇರಿಸಿ, ನೋಡದೆಯೇ ಗುರುತು ಹಾಕುತ್ತಿದ್ದೆನೆಂದು ಹೇಳಿದೆ. ಆಮೇಲೆ ಒಬ್ಬರು, ‘ಇವತ್ತು ಚಹಾ ಬರಲ್ವೇನಮ್ಮಾ?’ ಎಂದು ಕೇಳಿದರು. ಕ್ಷಮಿಸಿದ್ದೋ ಅಥವಾ ಮಾತು ಮುಗಿಸಲು ಕೇಳಿದ್ದೋ ಇವತ್ತಿಗೂ ಗೊತ್ತಿಲ್ಲ. ಚಹಾ ತರಿಸಿದೆ.

ಬಿರುಕು ಬಿಟ್ಟ ಕೊಂಬನ್ನು ಹಾಗೇ ಗುಜರಿಗೆ ಹಾಕಬೇಡಿ, ಯಾರಾದರೂ ಬೆಸುಗೆ ಹಾಕಿ ಮಾರುತ್ತಾರೆ ಎಂದು ಚಾಚಾ ಹೇಳಿ ಹೋಗಿದ್ದರು. ಹೊಸದು ಕೂರಿಸಿದ ಮೇಲೆ ಒಂದು ಭಾನುವಾರ ಮೇಸ್ತ್ರಿಯೂ ನಾನೂ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋದೆವು. ‘ಒಳ್ಳೇ ಮಾಲು, ರಿಪೇರಿ ಮಾಡಿ ಕೊಡ್ತೀನಿ,’ ಎಂದರು ಅಂಗಡಿಯವರು. ‘ಬೇಡ, ನಡುವಿಗೆ ಕತ್ತರಿಸಿ,’ ಎಂದರು ಮೇಸ್ತ್ರಿ. ಗ್ಯಾಸ್ ಕಟರಿನ ಕಿಡಿ ಹಾರುತ್ತಿತ್ತು. ಅಷ್ಟು ದಪ್ಪದ ಕಬ್ಬಿಣ ಎರಡಾಗಲು ನಾವೆಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ತುಂಡುಗಳು ಆರುವವರೆಗೆ ಎದುರಿನ ಕಟ್ಟೆಯ ಮೇಲೆ ಕೂತೆವು.

‘ಆ ಸದ್ದು ನಂಗೂ ಕೇಳಿಸ್ತಿತ್ತಮ್ಮ,’ ಎಂದರು ಮೇಸ್ತ್ರಿ ಇದ್ದಕ್ಕಿದ್ದಂತೆ. ‘ನಿಮಗಿಂತ ಮುಂಚೆನೇ.’

‘ಮತ್ತೆ ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ಗಾಡಿ ನಿಲ್ಲಿಸ್ತಿದ್ರಿ. ಮತ್ತೆ ಹೊರಬೇಕಲ್ಲ.’ ಅವರು ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ‘ಹೊರೋದೇ ನಮ್ ಕೆಲ್ಸ ಅಂತಿದ್ದೆ. ಈಗ ಆಗಲ್ಲಮ್ಮ. ಒಂದು ಮೂಟೆಗೇ ಕಾಲು ನಡುಗ್ತು ಅವತ್ತು.’

‘ಇನ್ಮೇಲೆ ಕೇಳಿಸಿದ್ರೆ ಹೇಳಿ,’ ಎಂದೆ. ‘ನೀವೂ ನೋಡದೇ ಬರೀಬೇಡಿ,’ ಎಂದರು ಅವರು.

ಈಗ ಬುಕ್ಕಿನಲ್ಲಿ ಎರಡು ಸಹಿ ಇರುತ್ತವೆ. ನನ್ನದು ಕನ್ನಡದಲ್ಲಿ, ಅವರದು ತೆಲುಗಿನಲ್ಲಿ. ತಿಂಗಳ ಮೊದಲ ದಿನ ಇಬ್ಬರೂ ಕೂತು ಕಾಕಂಬಿಯ ಹುಡಿ ಕೆರೆದು, ಸೀಮೆಎಣ್ಣೆ ಸವರಿ, ಸುಣ್ಣ ಉಜ್ಜಿ ಕಾಯುತ್ತೇವೆ. ಆ ಹತ್ತು ನಿಮಿಷ ಮಾತ್ರ ನಾನು ಎದ್ದು ಓಡಾಡುವುದಿಲ್ಲ.